ಗುಜರಿ ಗಲ್ಲಿಯ ಸಿಲಿಕಾನ್ ಸಿಟಿ



ಬೆಂಗಳೂರನ್ನು ಸಿಲಿಕಾನ್ ಸಿಟಿ ಎಂದು ಹೊಗಳುವವರು ಒಮ್ಮೆ ಮೈಸೂರು ರಸ್ತೆ ಕಡೆಯ ಗೌರಿಪಾಳ್ಯದ ಗುಜರಿ ಗಲ್ಲಿಗಳಿಗೂ ಹೋಗಿಬರಲಿ. ಎ.ಸಿ. ಕೋಣೆಯಿಂದ ಹೊರಬಿದ್ದ ಕಂಪ್ಯೂಟರು ಕೊನೆಗೆ ಬಂದು ಬೀಳುವುದು ಇಂಥ ಕಡೆಗೇ! ಬರಿಗೈಯಲ್ಲಿ ಅದನ್ನು ಬಿಚ್ಚುತ್ತಾರೆ. ತಾಮ್ರಕ್ಕಾಗಿ ವೈರು ಸುಡುತ್ತಾರೆ. ಪಿವಿಸಿ ಸುಟ್ಟ ಹೊಗೆಯಲ್ಲಿರುವುದು ಡಯಾಕ್ಸಿನ್, ಕ್ಯಾನ್ಸರ್ ತರುವ ವಿಷ. ಸರ್ಕ್ಯೂಟ್ ಬೋರ್ಡಿನ ಚೂರು ಚಿನ್ನಕ್ಕಾಗಿ ಆಸಿಡ್ಡಿನಲ್ಲಿ ಅದ್ದುತ್ತಾರೆ. ಮಿಕ್ಕ ಆಸಿಡ್ ಮೋರಿಗೆ. ಹಳೇ ದಪ್ಪ ಟಿವಿಯ ಗಾಜಿನಲ್ಲೇ ಒಂದೆರಡು ಕಿಲೋ ಸೀಸ ಇರುತ್ತದೆ. ಸೀಸ ಮಕ್ಕಳ ಮೆದುಳನ್ನೇ ಕೆಡಿಸುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಮಿತಿಯೇ ಅದಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

2022ರ ಒಂದೇ ವರ್ಷ ಜಗತ್ತಿನಲ್ಲಿ ಬಿದ್ದ ಇ-ಕಸ 6.2 ಕೋಟಿ ಟನ್. ಲೆಕ್ಕಕ್ಕೆ ಸಿಕ್ಕು ಸರಿಯಾಗಿ ವಿಲೇವಾರಿಯಾದದ್ದು ಕಾಲು ಭಾಗವೂ ಅಲ್ಲ.

ಗುಜರಿಯವನನ್ನು ಬೈಯಬೇಡಿ. ಅವನದು ಹೊಟ್ಟೆಪಾಡು. ಮೊದಲು ಆ ವಿಷ ಕುಡಿಯುವವನೂ ಅವನೇ, ಅವನ ಮಕ್ಕಳೇ. ಕೇಳಬೇಕಾದ್ದು ಕಂಪನಿಗಳನ್ನು! ಮಾಲು ತಯಾರಿಸಿ ಮಾರಿದವನೇ ಅದರ ಕಸಕ್ಕೂ ಹೊಣೆ ಎಂಬ ಕಾನೂನು 2012ರಿಂದಲೇ ಜಾರಿಯಲ್ಲಿದೆ. 2023ರಲ್ಲಿ ಹೊಸ ನಿಯಮಗಳೂ ಬಂದವು. ಇದನ್ನು ಕನ್ನಡದಲ್ಲಿ ಬರೆದು ತೂಗುಹಾಕಿದ ಒಂದು ಮೊಬೈಲ್ ಅಂಗಡಿ ತೋರಿಸಿ ನೋಡೋಣ! ಜಾಗವಿಲ್ಲ ಎಂಬ ನೆಪವೂ ನಡೆಯದು. ಇ-ಕಸವನ್ನು ಕ್ರಮವಾಗಿ ಬಿಚ್ಚುವ ಕಾರ್ಖಾನೆ ನಮ್ಮ ಡಾಬಸ್‌ಪೇಟೆಯಲ್ಲಿ 2005ರಲ್ಲೇ ಶುರುವಾಯಿತು.

ಮುಂದಿನ ಸಲ ಮೊಬೈಲ್ ಕೊಳ್ಳಲು ಹೋದಾಗ ಕೌಂಟರಿನಲ್ಲಿ ಕನ್ನಡದಲ್ಲೇ ಕೇಳಿ: "ಹಳೇದನ್ನ ಎಲ್ಲಿಗೆ ಕಳಿಸ್ತೀರಿ? ರಸೀದಿ ಕೊಡಿ." ಹುಡುಗ ತಬ್ಬಿಬ್ಬಾದರೆ ಅವನ ಮೇಲೆ ರೇಗಬೇಡಿ, ಮ್ಯಾನೇಜರನ್ನು ಕರೆಸಿ.