ಕ್ಯಾಮರಾ ಕೊಳ್ಳುವ ಮೊದಲು

ಮನೆಯ ಮಗನೋ ಮಗಳೋ ಕ್ಯಾಮರಾ ಬೇಕೆಂದು ಹಟ ಹಿಡಿದಾಗ ತಾವು ಮೊದಲು ವಿಚಾರಿಸುವುದು ಬೆಲೆಯನ್ನು. ಯಾವುದರ ಚಿತ್ರ, ಎಂಥ ಬೆಳಕಿನಲ್ಲಿ ಎಂದು ಕೇಳುವವರು ಕಡಮೆ.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯ ಬಣಕಲ್ಲನ್ನೇ ನೋಡೋಣ. ಇಲ್ಲಿಯ ಕಾಫಿತೋಟಗಳಲ್ಲಿ ನಡುಹಗಲಿನಲ್ಲೂ ನೆರಳು. ಹಕ್ಕಿ ಕಣ್ಣಿಗೆ ಸ್ಪಷ್ಟ, ಚಿತ್ರದಲ್ಲಿ ಮಸುಕು. ಬಯಲಿನಲ್ಲಿ ಸೆಕೆಂಡಿನ 500ನೆಯ ಒಂದು ಭಾಗ ಸಾಕಾದರೆ, ಮರದಡಿಯಲ್ಲಿ 30ನೆಯ ಒಂದು ಭಾಗವೂ ಸಾಲದೆ ಹೋಗಬಹುದು. ದೊಡ್ಡ ಮಸೂರ ಕೊಂಡರೆ ಸರಿಹೋದೀತೆಂದು ಹಲವರ ನಂಬಿಕೆ. ರಂಧ್ರದ ಸಂಖ್ಯೆ 5.6ರಿಂದ 2.8ಕ್ಕೆ ಇಳಿದರೆ ಬೆಳಕು 4 ಪಟ್ಟಾಗುವುದು ನಿಜ. ಆದರೆ ಅಂಥ ಮಸೂರದ ಬೆಲೆ ಒಂದು ಸಂಸಾರದ ಲೆಕ್ಕವನ್ನೇ ತಲೆಕೆಳಗು ಮಾಡೀತು. ಗಟ್ಟಿಯಾದ ಮುಕ್ಕಾಲಿಯೊಂದು ಕೈನಡುಕವನ್ನು ಸ್ವಲ್ಪ ಹಣದಲ್ಲೇ ನಿಲ್ಲಿಸುತ್ತದೆ. ಹಕ್ಕಿಯ ಅಲುಗಾಟವನ್ನು ಅದೂ ನಿಲ್ಲಿಸಲಾರದು. ಹಕ್ಕಿ ಕೂತು ಸುಮ್ಮನಾಗುವ ಗಳಿಗೆಗೆ ಕಾಯಬೇಕು, ಅಷ್ಟೆ.

ಕಾಯುವುದನ್ನು ಬಲ್ಲವರು ಈ ಸೀಮೆಯಲ್ಲೇ ಇದ್ದರು. 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡು, ಬರೆಯುತ್ತ, ಸುತ್ತಲಿನ ಹಕ್ಕಿಗಳ ಚಿತ್ರ ತೆಗೆದರು. ಫಿಲ್ಮಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ. ಗುಂಡಿ ಒತ್ತುವ ಮುನ್ನ ಯೋಚಿಸಲೇಬೇಕಿತ್ತು. ಈಗ ಸಾವಿರ ಒತ್ತಿದರೂ ಖರ್ಚಿಲ್ಲ. ಹೊಸಬರು ವಾರಕ್ಕೊಂದು ದಿನ 36ಕ್ಕೇ ನಿಲ್ಲಿಸುವುದು ಒಳ್ಳೆಯ ಅಭ್ಯಾಸವೆಂದು ನನ್ನ ಅಭಿಪ್ರಾಯ. ಕೈಯಲ್ಲಿರುವ ಫೋನೇ ಇದಕ್ಕೆ ಸಾಕು.

ಇನ್ನು ಮಂಜು. ಕ್ಯಾಮರಾದೊಳಗಿನ ಬೆಳಕಿನ ಮಾಪಕಕ್ಕೆ ಲೋಕವೆಲ್ಲ ನಡುಬೂದಿ ಬಣ್ಣವೆಂಬ ಊಹೆ. ಚಾರ್ಮಾಡಿಯ ಬಿಳಿ ಮಂಜನ್ನು ಅದು ಕೊಳೆಬಟ್ಟೆಯಂತೆ ಮಾಡಿಬಿಡುತ್ತದೆ. ಮಾಪಕ ಹೇಳಿದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಡಿ. ಕಾಫಿಯ ಹೂವಿಗೂ ಇದೇ ಉಪಾಯ. ಮಾರ್ಚಿ-ಏಪ್ರಿಲಿನ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಅರಳುವ ಆ ಹೂವು ಎರಡು-ಮೂರು ದಿನಗಳಲ್ಲೇ ಬಾಡುತ್ತದೆ. ಆ ದಿನ ಬಂದ ಮೇಲೆ ಗುಂಡಿಗಳ ಪಾಠ ಕಲಿಯಲು ಹೊತ್ತಿರುವುದಿಲ್ಲ. ಅದನ್ನು ಜನವರಿಯಲ್ಲೇ ಮನೆಯಂಗಳದ ದಾಸವಾಳದ ಮೇಲೆ ಮುಗಿಸಿಕೊಳ್ಳಬೇಕು.

ಮಲೆನಾಡಿನಲ್ಲಿ ಕ್ಯಾಮರಾದ ನಿಜವಾದ ಶತ್ರು ಮಳೆಗಾಲ. ಜೂನಿನಿಂದ ಸೆಪ್ಟೆಂಬರಿನ ತನಕ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಮಸೂರದೊಳಗೆ ಜೇಡನ ಎಳೆಯಂಥ ಬೂಷ್ಟು ಹಬ್ಬುತ್ತದೆ. ಬಹಳ ದಿನ ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಮತ್ತೆ ಒರಸಿ ಪ್ರಯೋಜನವಿಲ್ಲ. ಚರ್ಮ ತೇವ ಹೀರುತ್ತದೆ, ಆದ್ದರಿಂದ ಚೀಲ ಬೇಡ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಬಣ್ಣ ತಿರುಗುವ ಹರಳಾದರೆ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಹಳೆಯ ಮಸೂರ ಕೊಳ್ಳುವವರು ಕತ್ತಲೆ ಕೋಣೆಯಲ್ಲಿ ಅದರ ಹಿಂದಿನಿಂದ ಟಾರ್ಚು ಬಿಟ್ಟು ನೋಡಿ. ಎಳೆ ಕಂಡರೆ, ಬೆಲೆ ಎಷ್ಟೇ ಇಳಿಸಿದರೂ, ವಾಪಸು ಕೊಟ್ಟು ಬನ್ನಿ.