ಕೆಟ್ಟ ಮೆಮೊರಿ ಕಾರ್ಡಿನೊಳಗಿನ ಸಾಕ್ಷಿ

(ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ, ಮನೆಯೊಳಗಿನ ಹಿಂಸೆ ಎಂದರೆ ಕಾನೂನು, ಪೊಲೀಸು, ಪಂಚಾಯ್ತಿಗಳ ಬಗ್ಗೆ ಮಾತನಾಡುವುದು ರೂಢಿ. ಇವತ್ತು ನಾನು ಉಗುರಿನಷ್ಟು ಅಗಲದ ಒಂದು ವಸ್ತುವಿನ ಬಗ್ಗೆ ಹೇಳಲು ಬಂದಿದ್ದೇನೆ. ಅದು ಫೋನಿನೊಳಗಿನ ಮೆಮೊರಿ ಕಾರ್ಡು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವಳು, ಕಂಪ್ಯೂಟರ್ ಕಲಿತವಳಲ್ಲ. ಈ ವಿಷಯ ತಿಳಿದದ್ದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮೊದಲು ಹೇಳಿಬಿಡುತ್ತೇನೆ.

2019ರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಮನೆಗೆ ಬಂದಳು. ಗಂಡ ಅವಳ ಫೋನನ್ನು ಗೋಡೆಗೆ ಬಡಿದು ಚೂರು ಮಾಡಿದ್ದ. ಚೂರುಗಳ ನಡುವಿನಿಂದ ಕಾರ್ಡನ್ನು ಹೆಕ್ಕಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದಿದ್ದಳು. "ಮೇಡಂ, ಎಲ್ಲಾ ಇದರಲ್ಲೇ ಇದೆ" ಎಂದಳು. ಬೆನ್ನ ಮೇಲಿನ ಬರೆಗಳ ಚಿತ್ರ, ಅತ್ತೆ ಬೈಕಿಗೆ ಹಣ ತಾ ಎಂದು ಪೀಡಿಸುವ ಮಾತಿನ ಧ್ವನಿಮುದ್ರಣ, ಮದುವೆಯಲ್ಲಿ ಕೊಟ್ಟ ಒಡವೆ ಪಾತ್ರೆಗಳ ಪಟ್ಟಿಯ ಚಿತ್ರ. ಪಟ್ಟಿಯ ಕಾಗದವನ್ನು ಗಂಡನ ಮನೆಯವರು ಮೊದಲೇ ಒಲೆಗೆ ಹಾಕಿದ್ದರು.

ನಾನು ಉತ್ಸಾಹದಿಂದ ಆ ಕಾರ್ಡನ್ನು ನನ್ನ ಕ್ಯಾಮೆರಾಕ್ಕೆ ಹಾಕಿದೆ. "ಕಾರ್ಡನ್ನು ಓದಲಾಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ?" ಎಂದು ಕ್ಯಾಮೆರಾ ಕೇಳಿತು. ಸರಿಪಡಿಸುವುದೆಂದೇ ತಿಳಿದು ಒತ್ತಿಬಿಟ್ಟೆ. ಸಾಲದೆಂಬಂತೆ, ಕಾರ್ಡು ಕೆಲಸ ಮಾಡುತ್ತದೆಯೇ ನೋಡೋಣವೆಂದು ಅಂಗಳದ ತುಳಸಿಕಟ್ಟೆಯ ಎರಡು ಚಿತ್ರ ಬೇರೆ ತೆಗೆದೆ. ಆಮೇಲೆ ನೋಡಿದರೆ ಕಾರ್ಡಿನಲ್ಲಿ ಆ ತುಳಸಿ ಬಿಟ್ಟು ಇನ್ನೇನೂ ಇಲ್ಲ. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದಳು.

ಆಗ ಏನಾಗಿತ್ತು ಎಂಬುದನ್ನು ನಿಮ್ಮ ಸಂಘದ ಲೆಕ್ಕದ ಪುಸ್ತಕವನ್ನೇ ಇಟ್ಟುಕೊಂಡು ಹೇಳುತ್ತೇನೆ. ಪುಸ್ತಕದ ಮೊದಲ ಹಾಳೆಯಲ್ಲಿ ಯಾರ ಲೆಕ್ಕ ಎಷ್ಟನೇ ಪುಟ ಎಂಬ ಪರಿವಿಡಿ ಇರುತ್ತದಲ್ಲವೇ? ಯಾರೋ ಪರಿವಿಡಿಯಲ್ಲಿ ಒಬ್ಬ ಸದಸ್ಯೆಯ ಹೆಸರನ್ನು ಹೊಡೆದುಹಾಕಿದರು ಎನ್ನಿ. ಅವಳ ಉಳಿತಾಯದ ಪುಟ ಒಳಗೆ ಹಾಗೆಯೇ ಇರುತ್ತದೆ. ಆದರೆ ಹೊಸ ಕಾರ್ಯದರ್ಶಿ ಪರಿವಿಡಿ ನೋಡಿ ಆ ಪುಟ ಖಾಲಿ ಎಂದುಕೊಂಡು, ಹಳೆಯದನ್ನು ಉಜ್ಜಿ ಇನ್ನೊಬ್ಬರ ಲೆಕ್ಕ ಬರೆದರೆ? ಆಗ ಹೋಯಿತು. ಕಾರ್ಡಿನಲ್ಲಿ ಡಿಲೀಟ್ ಮಾಡಿದಾಗ ಹೊಡೆದುಹೋಗುವುದು ಪರಿವಿಡಿಯ ಹೆಸರು. ಕ್ಯಾಮೆರಾದ ಸಾಮಾನ್ಯ ಫಾರ್ಮ್ಯಾಟ್ ಎಂದರೆ ಪರಿವಿಡಿಯನ್ನೇ ಹೊಸದಾಗಿ ಬರೆಯುವುದು. ಪುಟಗಳು ಇನ್ನೂ ಇರುತ್ತವೆ. ಅವುಗಳ ಮೇಲೆ ಹೊಸದನ್ನು ಬರೆಯುವುದೇ ನಿಜವಾದ ನಾಶ.

ಆದ್ದರಿಂದ ಕಾರ್ಡಾಗಲಿ ಪೆನ್ ಡ್ರೈವ್ ಆಗಲಿ ಕೆಟ್ಟಿತೆಂದರೆ, ಚಿತ್ರ ಕಾಣೆಯಾಯಿತೆಂದರೆ, ಮೊದಲ ಕೆಲಸ ಅದನ್ನು ಹೊರಗೆ ತೆಗೆದಿಡುವುದು. ಫಾರ್ಮ್ಯಾಟ್ ಮಾಡಲೇ ಎಂದು ಯಾವ ಯಂತ್ರ ಕೇಳಿದರೂ ಬೇಡ ಎನ್ನಿ. ಸಣ್ಣ ಕಾರ್ಡನ್ನು ಕೂರಿಸುವ ದೊಡ್ಡ ಅಡಾಪ್ಟರಿನ ಪಕ್ಕದಲ್ಲಿ ಒಂದು ಪುಟ್ಟ ಬೀಗದ ಗುಂಡಿ ಇರುತ್ತದೆ. ಅದನ್ನು ಕೆಳಗೆ ಸರಿಸಿದರೆ ಸಾಮಾನ್ಯವಾಗಿ ಹೊಸದೇನೂ ಬರೆಯಲಾಗುವುದಿಲ್ಲ.

ನನ್ನ ಅಣ್ಣನ ಮಗ ಕಂಪ್ಯೂಟರ್ ಬಲ್ಲವನು. ಅವನು ಮೊದಲು ಇಡೀ ಕಾರ್ಡಿನ ಪಡಿಯಚ್ಚನ್ನು ತನ್ನ ಯಂತ್ರಕ್ಕೆ ಇಳಿಸಿಕೊಂಡ. ಆಮೇಲೆ ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಆ ಪಡಿಯಚ್ಚಿನಲ್ಲಿ ಹುಡುಕಿದ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ತುಂಬದೆ ಬೇರೆ ಕಡೆ ಉಳಿಸಿದ. ಒಡವೆ ಪಟ್ಟಿ ಬಂತು, ಅಕ್ಷರ ಓದುವಷ್ಟು ಚೆನ್ನಾಗಿ ಬಂತು. ಅತ್ತೆಯ ಮಾತು ಅರ್ಧಕ್ಕೆ ತುಂಡಾಗಿ ಬಂತು. ಬರೆಗಳ ಚಿತ್ರಗಳಲ್ಲಿ ಮೊದಲಿನ ಎರಡು ಬರಲೇ ಇಲ್ಲ. ಆ ಜಾಗದಲ್ಲಿ ನನ್ನ ತುಳಸಿ ಕುಳಿತಿತ್ತು. ಅಷ್ಟರೊಳಗೆ ಗಾಯ ಮಾಯ್ದಿತ್ತು, ಮತ್ತೆ ಚಿತ್ರ ತೆಗೆಯುವಂತಿರಲಿಲ್ಲ.

ಬಂದ ಚಿತ್ರಗಳಿಗೆ ಹಳೆಯ ಹೆಸರು ಇರಲಿಲ್ಲ. ಆದರೆ ತೆಗೆದ ದಿನ, ಗಂಟೆ ಚಿತ್ರದ ಒಡಲಲ್ಲೇ ಉಳಿದಿತ್ತು. ಇದನ್ನು ನೆನಪಿಡಿ. ಚಿತ್ರವನ್ನು ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳಿಸಿದರೆ ಈ ಮಾಹಿತಿ ಕಳಚಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ.

ಎಲ್ಲ ಕಡೆಯೂ ಇಷ್ಟು ಸಿಗುವುದಿಲ್ಲ. ಈಗಿನ ಫೋನುಗಳ ಸ್ವಂತ ಸಂಗ್ರಹದಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ, ಅಳಿಸಿದ್ದು ಮರಳುವುದು ಅಪರೂಪ. ಗ್ಯಾಲರಿಯ ಕಸದ ಬುಟ್ಟಿಯನ್ನು ಮಾತ್ರ ಕೂಡಲೇ ನೋಡಿ, ಅನೇಕ ಫೋನುಗಳಲ್ಲಿ ಅಲ್ಲಿ 30 ದಿನ ಇರುತ್ತದೆ. ಕಂಪ್ಯೂಟರಿನ ಹಾರ್ಡ್ ಡಿಸ್ಕು ಟಕ್ ಟಕ್ ಸದ್ದು ಮಾಡಿದರೆ ಒಳಗಿನ ಓದುವ ಮುಳ್ಳು ಕೆಟ್ಟಿರಬಹುದು. ತಕ್ಷಣ ಆರಿಸಿ, ಬಿಚ್ಚಬೇಡಿ, ಒಂದು ಧೂಳಿನ ಕಣವೂ ತಟ್ಟೆಯನ್ನು ಗೀರುತ್ತದೆ. ಮದುವೆಯ ಸಿ.ಡಿ.ಯಲ್ಲಿ ಬರಹವಿರುವುದು ಹೆಸರು ಬರೆಯುವ ಮೇಲ್ಮೈಯ ಕೆಳಗೇ, ಆದ್ದರಿಂದ ಹೊಳೆಯುವ ಬದಿಯ ಗೀರಿಗಿಂತ ಆ ಬದಿಯ ಗೀರು ಕೆಟ್ಟದ್ದು. ಯಾವುದೂ ಆಗದಿದ್ದರೆ ಮದುವೆಯ ಫೋಟೋಗ್ರಾಫರನ್ನು ಕೇಳಿ, ನೀವು ಚಿತ್ರ ಕಳಿಸಿದ್ದ ಅಕ್ಕತಂಗಿಯರನ್ನು ಕೇಳಿ.

ಅಂಗಡಿಗೆ ಕೊಡುವುದಾದರೆ ಒಬ್ಬರೇ ಹೋಗಬೇಡಿ. ನಿಮ್ಮ ಮೈಮೇಲಿನ ಗಾಯದ ಚಿತ್ರ ಪರರ ಯಂತ್ರದಲ್ಲಿ ಉಳಿಯಬಾರದು. ಸಂಘದ ಇಬ್ಬರು ಎದುರಿಗೇ ಕೂತು ಕೆಲಸ ಮಾಡಿಸಿ. ದೂರು ದಾಖಲಾಗಿದ್ದರೆ ಅಂಗಡಿಗೆ ಹೋಗಲೇಬೇಡಿ. ಕಾರ್ಡನ್ನು ಪೊಲೀಸರಿಗೆ ಒಪ್ಪಿಸಿ ಪಂಚನಾಮೆಯ ಪ್ರತಿ ಕೇಳಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುವಂತೆ ಬರೆದುಕೊಡಿ.

ಸಾಕ್ಷಿ ಸಿಕ್ಕಿದ ಮೇಲೆ ಹಾಳಾದ ಕಾರ್ಡು ಇನ್ನೇಕೆ ಎಂದು ಎಸೆಯುವವರಿದ್ದಾರೆ. ಎಸೆಯಬೇಡಿ, ಅದೇ ಮೂಲ. ನಕಲನ್ನು ನ್ಯಾಯಾಲಯಕ್ಕೆ ಕೊಡುವಾಗ ಪ್ರಮಾಣಪತ್ರ ಬೇಕು. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿದೆ. ಒಂದು ಭಾಗವನ್ನು ನೀವು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತದ ಬೆರಳಚ್ಚಿನಂತಿರುವ ಹ್ಯಾಷ್ ಎಂಬ ಸಂಖ್ಯೆಯನ್ನೂ ಅದರಲ್ಲಿ ಬರೆಯಬೇಕು. ವಕೀಲರಿಗೆ ಮೊದಲೇ ನೆನಪಿಸಿ, ಕೆಲವರು ಮರೆಯುತ್ತಾರೆ.

ಆ ಪಟ್ಟಿಯ ಬಗ್ಗೆ ಒಂದು ಮಾತು. ಮದುವೆಯಲ್ಲಿ ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು ವಧೂವರರಿಬ್ಬರೂ ಸಹಿ ಹಾಕಬೇಕೆಂದು 1985ರ ನಿಯಮವೇ ಇದೆ. ಸಹಿ ಬಾರದಿದ್ದರೆ ಹೆಬ್ಬೆಟ್ಟು. ವಸ್ತು, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ಸಂಬಂಧ ಎಲ್ಲ ಬರೆಯಬೇಕು. ಎಷ್ಟು ಮದುವೆಗಳಲ್ಲಿ ಬರೆದಿದ್ದಾರೆ? ಈ ಹುಡುಗಿಯ ತಂದೆ ಬರೆಸಿದ್ದರು. ಒಲೆಗೆ ಬಿದ್ದ ಆ ಪಟ್ಟಿಯ ಚಿತ್ರ ಮುಂದಿಟ್ಟಾಗ ಗಂಡನ ಮನೆಯವರು ತಮ್ಮ ಮಗನ ಸಹಿಯನ್ನು ಅಲ್ಲಗಳೆಯಲಿಲ್ಲ, ಒಡವೆಗಳು ಹಿಂದಿರುಗಿದವು. ಹೊಡೆದದ್ದಕ್ಕೆ ಮಾತ್ರ ಅವನು ಈವರೆಗೆ ತಪ್ಪೊಪ್ಪಿಲ್ಲ. ಬಾರದೆ ಹೋದ ಆ ಎರಡು ಚಿತ್ರ ಇದ್ದಿದ್ದರೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಊಟದ ನಂತರ ಅಣ್ಣನ ಮಗ ಇಲ್ಲಿಗೆ ಬರುತ್ತಾನೆ. ಕಾರ್ಡು, ಪೆನ್ ಡ್ರೈವ್ ತಂದವರು ಕಾಗದದಲ್ಲಿ ಸುತ್ತಿ ಹೆಸರು ಬರೆದು ಕೊಡಿ. ಅಲ್ಲಿಯವರೆಗೆ ಯಾವ ಫೋನಿಗೂ ಹಾಕಿ ನೋಡಬೇಡಿ.