ಕಾಡಿನ ಮರಿ ಹಟ್ಟಿಯಲ್ಲಿ ಸಾಯುವುದೇಕೆ?



ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ರಬ್ಬರ್ ತೋಟಗಳಲ್ಲಿ, ಕಾಡಂಚಿನ ಗುಡ್ಡೆಗಳಲ್ಲಿ ಜಿಂಕೆ, ಕಡವೆ ಅಥವಾ ಕಾಡುಕುರಿಯ ಎಳೆಮರಿ ಒಂಟಿಯಾಗಿ ಮಲಗಿರುವುದು ಕಣ್ಣಿಗೆ ಬೀಳುವುದುಂಟು. ತಾಯಿ ಸತ್ತಿರಬೇಕೆಂದು ಭಾವಿಸಿ, ನಾಯಿಗಳ ಬಾಯಿಂದ ಉಳಿಸುವ ಸದುದ್ದೇಶದಿಂದಲೇ ಅದನ್ನು ಮನೆಗೆ ತರುತ್ತಾರೆ. ಹಟ್ಟಿಯ ಮೂಲೆಯಲ್ಲಿ ಗೋಣಿ ಹಾಸಿ ದನದ ಹಾಲು ಕುಡಿಸುತ್ತಾರೆ. ಮೊದಲ ದಿನ ಮರಿ ಚುರುಕಾಗಿರುತ್ತದೆ. ಮತ್ತೆರಡು ದಿನಗಳಲ್ಲಿ ಭೇದಿ ಆರಂಭವಾಗಿ, ಒಂದು ಬೆಳಗ್ಗೆ ಗೋಣಿಯ ಮೇಲೆ ಸತ್ತು ಬಿದ್ದಿರುತ್ತದೆ. ‘ಕಾಡಿನ ಪ್ರಾಣಿಗೆ ಊರಿನ ಗಾಳಿ ಹಿಡಿಸಲಿಲ್ಲ’ ಎಂದು ಹೂತುಬಿಡುತ್ತಾರೆ. ಆ ಮರಿಯೊಡನೆ ಸಾವಿನ ಕಾರಣವೂ ಮಣ್ಣು ಸೇರುತ್ತದೆ.

ಒಂಟಿ ಮರಿ ಅನಾಥವೆಂಬ ಊಹೆಯೇ ಬಹುತೇಕ ತಪ್ಪು. ಜಿಂಕೆಯ ಜಾತಿಯ ತಾಯಿ ಈದ ಬಳಿಕ ಮರಿಯನ್ನು ಪೊದೆಯಲ್ಲಿ ಅಡಗಿಸಿ ತಾನು ದೂರ ಮೇಯುತ್ತದೆ. ದಿನಕ್ಕೆ ಕೆಲವೇ ಸಲ ಬಂದು ಹಾಲೂಡುತ್ತದೆ. ಮರಿಗೆ ವಾಸನೆ ಕಡಿಮೆ. ಅಲುಗಾಡದೆ ಮಲಗುವುದೇ ಅದರ ರಕ್ಷಣೆ. ಮನುಷ್ಯ ಹತ್ತಿರ ಬಂದರೂ ಅದು ಏಳದಿರುವುದನ್ನು ನಿತ್ರಾಣವೆಂದು ತಿಳಿಯುವವರೇ ಹೆಚ್ಚು.

ಇನ್ನು ಹಾಲಿನ ವಿಷಯ. ಮೆಲುಕು ಹಾಕುವ ಪ್ರಾಣಿಗಳಲ್ಲಿ ರೋಗನಿರೋಧಕ ವಸ್ತುಗಳು ಗರ್ಭದಲ್ಲಿರುವಾಗ ತಾಯಿಯಿಂದ ಮರಿಗೆ ದಾಟುವುದಿಲ್ಲ. ಅವು ದೊರೆಯುವುದು ಗಿಣ್ಣುಹಾಲಿನಿಂದ ಮಾತ್ರ. ಅದನ್ನು ಹಾಗೆಯೇ ಹೀರುವ ಶಕ್ತಿ ಮರಿಯ ಕರುಳಿಗಿರುವುದು ಹುಟ್ಟಿದ ಸುಮಾರು 24 ಗಂಟೆಗಳವರೆಗೆ. ಗಿಣ್ಣು ಸಿಗುವ ಮೊದಲೇ ಎತ್ತಿ ತಂದ ಮರಿ ಹಟ್ಟಿಯ ಸಗಣಿಯಲ್ಲಿರುವ ಸೂಕ್ಷ್ಮಾಣುಗಳ ಎದುರು ನಿರಾಯುಧ. ಹಸಿ ಹೊಕ್ಕುಳವೂ ಅವುಗಳಿಗೆ ತೆರೆದ ಬಾಗಿಲು. ಜಿಂಕೆಯ ಹಾಲು ದನದ ಹಾಲಿಗಿಂತ ಬಹಳ ಗಟ್ಟಿ; ಕೊಬ್ಬು, ಪ್ರೋಟೀನು ಎರಡೂ ಹೆಚ್ಚು. ನೀರು ಬೆರೆಸಿದ ದನದ ಹಾಲನ್ನು ಒಮ್ಮೆಗೇ ಹೊಟ್ಟೆತುಂಬ ಕುಡಿಸಿದರೆ ಪೋಷಣೆ ಸಾಲದು, ಭೇದಿಯೂ ತಪ್ಪದು. ತಾಯಿ ಮರಿಯ ಹಿಂಭಾಗವನ್ನು ನೆಕ್ಕಿ ಮಲಮೂತ್ರ ಮಾಡಿಸುತ್ತದೆ. ಸಾಕುವವರಿಗೆ ಇದು ತಿಳಿದಿರುವುದಿಲ್ಲ.

ಹಾಗಾದರೆ ಸತ್ತ ಮರಿಯಿಂದ ಕಾರಣವನ್ನು ಅರಿಯುವುದು ಹೇಗೆ? ನ್ಯೂಜಿಲೆಂಡಿನಲ್ಲಿ 1970ರ ಸುಮಾರಿನಿಂದ ಜಿಂಕೆ ಸಾಕಣೆ ಒಂದು ಕೃಷಿಯಾಗಿ ಬೆಳೆದಿದೆ. ಅಲ್ಲಿಯ ಪಶುವೈದ್ಯರು ಮರಿ ಸತ್ತಾಗ ಮೊದಲು ಕೇಳುವ ಪ್ರಶ್ನೆ: ವಯಸ್ಸು ಎಷ್ಟು ದಿನ? ಮೊದಲೆರಡು ದಿನಗಳ ಸಾವಿನಲ್ಲಿ ಹೆರಿಗೆಯ ತೊಂದರೆ, ಹಸಿವು, ಚಳಿಗಳ ಕಡೆಗೆ ದೃಷ್ಟಿ ಹರಿಯುತ್ತದೆ. ಅನಂತರದ ದಿನಗಳಲ್ಲಿ ಭೇದಿ ಮತ್ತು ಹೊಕ್ಕುಳದಿಂದ ಹರಡುವ ನಂಜು. ಶರೀರವೂ ಸಾಕ್ಷಿ ಹೇಳುತ್ತದೆ. ಶ್ವಾಸಕೋಶದ ತುಂಡು ನೀರಿನಲ್ಲಿ ತೇಲಿದರೆ ಮರಿ ಉಸಿರಾಡಿತ್ತು. ಗೊರಸಿನ ತುದಿಯ ಮೆತ್ತನೆಯ ಪೊರೆ ಸವೆದಿದ್ದರೆ ಎದ್ದು ನಡೆದಿತ್ತು. ನಾಲ್ಕನೆಯ ಹೊಟ್ಟೆಯಲ್ಲಿ ಹಾಲಿನ ಗಡ್ಡೆಯಿದ್ದರೆ ಹಾಲು ಕುಡಿದಿತ್ತು. ಮೂತ್ರಪಿಂಡದ ಸುತ್ತಲಿನ ಕೊಬ್ಬು ಕರಗಿ ಲೋಳೆಯಂತಾಗಿದ್ದರೆ ಹಸಿವೆಯಿಂದ ಬಳಲಿತ್ತು. ಗಾಯವಿಲ್ಲದ, ಹೊಟ್ಟೆ ಬರಿದಾದ, ಕೊಬ್ಬು ಕರಗಿದ ಮರಿಗೆ ವಿಷಪ್ರಾಶನದ ಕಥೆ ಕಟ್ಟುವ ಅಗತ್ಯವಿಲ್ಲ.

ಆದರೆ ಈ ಪರೀಕ್ಷೆ ಪಶುವೈದ್ಯರ ಕೆಲಸ. ಕುತೂಹಲದಿಂದ ಕತ್ತಿ ಹಿಡಿಯಬಾರದು. ವಿದ್ಯಾರ್ಥಿಗಳಿಗೆ ಈ ಮಾತು ವಿಶೇಷವಾಗಿ ಅನ್ವಯ. 2025ರ ನವೆಂಬರಿನಲ್ಲಿ ಬೆಳಗಾವಿ ಬಳಿಯ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಪರೀಕ್ಷೆಗಳಿಂದ ತಿಳಿದುಬಂದ ಕಾರಣ ಗಳಲೆರೋಗ: ಊರಿನ ದನ, ಎಮ್ಮೆಗಳಿಗೂ ಬರುವ ಅದೇ ರೋಗ. ಅವು ಎಳೆಮರಿಗಳಷ್ಟೇ ಆಗಿರಲಿಲ್ಲ, ನಿಜ. ಆದರೂ ಹಟ್ಟಿ ಮತ್ತು ಕಾಡಿನ ನಡುವೆ ರೋಗಕ್ಕೆ ಬೇಲಿಯಿಲ್ಲವೆಂಬುದು ಅಲ್ಲಿ ಕಂಡಿತು. ಕಾಡಿನ ಮರಿಯನ್ನು ಕರು, ಆಡುಗಳ ನಡುವೆ ಕಟ್ಟುವುದು ಎರಡೂ ಕಡೆಗೆ ಅಪಾಯಕರ. ಸತ್ತ ಪ್ರಾಣಿಯ ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ನೆರಡಿ ರೋಗದ ಶಂಕೆಯಿಂದ ಅದನ್ನು ಮುಟ್ಟಲೇಬಾರದು. ಅದು ಮನುಷ್ಯರಿಗೂ ತಗಲುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಜಿಂಕೆಯನ್ನು ಮನೆಯಲ್ಲಿ ಸಾಕುವಂತಿಲ್ಲ. ಕೈಗೆ ಬಂದ ಮರಿಯ ಬಗ್ಗೆ 48 ಗಂಟೆಗಳೊಳಗೆ ಪೊಲೀಸ್ ಠಾಣೆಗೆ ಅಥವಾ ಅರಣ್ಯಾಧಿಕಾರಿಗೆ ತಿಳಿಸಬೇಕು. ಎಳೆಮರಿಯ ಪಾಲಿಗೆ ಅಷ್ಟು ಹೊತ್ತೂ ದೀರ್ಘವೇ. ಕೂಡಲೇ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡುವುದು ಒಳಿತು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸದೆಂಬ ನಂಬಿಕೆಗೆ ಹೆಚ್ಚಿನ ಆಧಾರವಿಲ್ಲ. ಅಂದೇ ತಂದ, ಗಾಯವಿಲ್ಲದ ಮರಿಯನ್ನು ಇಲಾಖೆಯವರ ಸಲಹೆಯಂತೆ ಅದೇ ಪೊದೆಯಲ್ಲಿರಿಸಿ, ನಾಯಿಗಳನ್ನು ಕಟ್ಟಿಹಾಕಿ, ಜನ ದೂರ ಸರಿದರೆ ತಾಯಿ ಬರುವ ಸಂಭವವಿದೆ. ಮರಿ ಸತ್ತೇ ಹೋದರೆ ಹೂಳದೆ, ನೆರಳಿನಲ್ಲಿರಿಸಿ, ಎಲ್ಲಿ ಸಿಕ್ಕಿತು, ಯಾವಾಗ, ಏನು ಕುಡಿಸಲಾಯಿತು, ಭೇದಿ ಯಾವ ದಿನ ಕಂಡಿತು ಎಂಬುದನ್ನು ಬರೆದು ಅರಣ್ಯ ಸಿಬ್ಬಂದಿಯ ಕೈಗೆ ಕೊಡಬೇಕು.